ತಲೆಬರಹಕ್ಕೊಂದು ಹೆಸರು

ಪುಟ್ಟೀ, ನೀನು ಕಳಿಸಿದ ನಿನ್ನ ಪ್ರಬಂಧದ ಎರಡನೇ ಅಧ್ಯಾಯದ ಫೈಲು ನೋಡಿದೆ. ವಚನಗಳ ಬಗ್ಗೆ ನಿನಗೆ ಹೇಳುವಷ್ಟು ಓದಿದವನಲ್ಲ ನಾನು. ಅದನ್ನು ನಿಮ್ಮ ಗೈಡ್ ನೋಡಿಕೊಳ್ಳಲಿ. ಆದರೆ ಫೈಲು ತೆರೆದು ಕಂಟ್ರೋಲ್, ಶಿಫ್ಟ್, ಎಂಟು ಮೂರನ್ನೂ ಒಟ್ಟಿಗೆ ಒತ್ತಿದೆ ನೋಡು, ಅಡಗಿದ್ದ ಗುರುತುಗಳೆಲ್ಲ ಕಂಡು, ಹೊಲಿಗೆ ಬಾರದವರು ಹಾಕಿದ ರವಿಕೆಯ ಒಳಮೈ ತಿರುಗಿಸಿದ ಹಾಗಾಯಿತು. ಹೊಸ ಪುಟಕ್ಕೆ ಹೋಗಲು 17 ಸಲ ಎಂಟರ್ ಒತ್ತಿದ್ದೀಯ. ಪ್ಯಾರಾ ಶುರುವಿನಲ್ಲಿ ಒಂದು ಕಡೆ ಐದು ಸ್ಪೇಸು, ಇನ್ನೊಂದು ಕಡೆ ಏಳು, ಮತ್ತೊಂದು ಕಡೆ ಟ್ಯಾಬು. ಉಪಶೀರ್ಷಿಕೆಗಳು ಒಂದು ಕಡೆ 16 ಪಾಯಿಂಟು, ಒಂದು ಕಡೆ 15. ಪ್ರಿಂಟಲ್ಲಿ ಇದೆಲ್ಲ ಯಾರಿಗೆ ಕಾಣುತ್ತೆ ಚಿಕ್ಕಪ್ಪ ಅಂತೀಯ, ಗೊತ್ತು. ಅದು ಕಾಣುವುದು ತಿದ್ದಲು ಕೂತಾಗ.

ನಿನ್ನನ್ನು ಬಯ್ಯುವ ಹಕ್ಕು ನನಗೆ ಪೂರ್ತಿ ಇಲ್ಲ. ಈ ಚಾಳಿಯನ್ನು ಊರಿಗೆ ಕಲಿಸಿದವರೇ ನಮ್ಮಂಥ ಡಿಟಿಪಿಯವರು. ನುಡಿ, ಬರಹ ತಂತ್ರಾಂಶಗಳ ಹಳೆಯ ದಿನಗಳಲ್ಲಿ ಫಾಂಟೇ ಕನ್ನಡವಾಗಿತ್ತು. ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು ಹೊತ್ತ ಚಿಹ್ನೆಗಳು. ಅದರ ಮೇಲೆ ನುಡಿ ಫಾಂಟು ಹೊದಿಸಿದರೆ ಕನ್ನಡ, ತೆಗೆದರೆ ಕಲಸುಮೇಲೋಗರ. ಇಡೀ ಫೈಲು ಸೆಲೆಕ್ಟ್ ಮಾಡಿ ಫಾಂಟು ಬದಲಿಸಿದರೆ ನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಆಗುತ್ತಿದ್ದವು. ಅದಕ್ಕೇ ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು, ಸೆಲೆಕ್ಟ್ ಮಾಡಿ, ಫಾಂಟು ಹಾಕಿ, ದಪ್ಪ ಮಾಡಿ ಮುಂದೆ ಹೋಗುತ್ತಿದ್ದೆವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅದು ನಮ್ಮ ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ತಲೆ ನರೆತಿತ್ತು. ಫಾಂಟಿನ ಭಯ ಹೋಯಿತು, ಕೈಯ ಅಭ್ಯಾಸ ಮಾತ್ರ ಉಳಿಯಿತು.

ತಮಾಷೆ ಏನು ಗೊತ್ತಾ? ಅದಕ್ಕೂ ಹಿಂದೆ, ನಾನು ಮೊಳೆ ಜೋಡಿಸುತ್ತಿದ್ದಾಗ, ಕೆಲಸ ಇದಕ್ಕಿಂತ ಸರಿಯಾಗಿತ್ತು. ಲೇಖಕರು ಹಸ್ತಪ್ರತಿಯಲ್ಲಿ ಒಂದು ಸಾಲಿನ ಕೆಳಗೆ ಅಲೆಅಲೆಯಾಗಿ ಗೆರೆ ಎಳೆದು ಕಳಿಸುತ್ತಿದ್ದರು. ಅದು ದಪ್ಪ ಅಕ್ಷರ ಅಂತ ನಮಗೆ ಗೊತ್ತಿತ್ತು. ಯಾವ ಮೊಳೆ, ಎಷ್ಟು ಪಾಯಿಂಟು, ಮೇಲೆ ಕೆಳಗೆ ಎಷ್ಟು ಲೆಡ್ಡು ಅನ್ನುವುದು ಪ್ರೆಸ್ಸಿನ ಮಾತು, ಒಂದು ಸಲ ತೀರ್ಮಾನವಾದರೆ ಇಡೀ ಪುಸ್ತಕಕ್ಕೆ ಅದೇ. ಈಗ ವರ್ಡ್‌ನಲ್ಲಿ ಸ್ಟೈಲ್ ಅಂತ ಕರೆಯುವುದು ಹೆಚ್ಚೂ ಕಮ್ಮಿ ಅದನ್ನೇ. ಈ ಸಾಲು ಅಧ್ಯಾಯದ ತಲೆಬರಹ ಅಂತ ನೀನು ಹೇಳಿಬಿಡು, ಅದು ಹೇಗೆ ಕಾಣಬೇಕು ಅನ್ನುವುದನ್ನು ಬೇರೆ ಒಂದೇ ಕಡೆ ಬರೆದಿಡು.

ನನಗೆ ಇದು ತಡವಾಗಿ ತಲೆಗೆ ಹೋಯಿತು. 300 ಚಿಲ್ಲರೆ ಪುಟದ ಒಂದು ಮಹಾಪ್ರಬಂಧ ಮಾಡಿಕೊಟ್ಟಿದ್ದೆ. ಪರಿವಿಡಿಯನ್ನು ಕೈಯಲ್ಲೇ ಟೈಪ್ ಮಾಡಿದ್ದೆ, ಚುಕ್ಕಿ ಚುಕ್ಕಿ ಚುಕ್ಕಿ, ಕೊನೆಗೆ ಪುಟಸಂಖ್ಯೆ. ಸಂಜೆ ಆರಕ್ಕೆ ಅದನ್ನು ಬರೆದ ಹುಡುಗ ಓಡಿಬಂದ. ಅಕ್ಷರ ಒಂದು ಪಾಯಿಂಟು ಚಿಕ್ಕದಾಗಬೇಕಂತೆ, ಬೆಳಿಗ್ಗೆ ಬೈಂಡಿಂಗಿಗೆ ಹೋಗಬೇಕಂತೆ. ರಾತ್ರಿಯೆಲ್ಲ ಕೂತು ಒಂದೊಂದು ಪ್ಯಾರಾ ಹಿಡಿದು ಚಿಕ್ಕದು ಮಾಡಿದೆ. ಎಂಟರ್ ಒತ್ತಿ ತಳ್ಳಿದ್ದ ಅಧ್ಯಾಯಗಳೆಲ್ಲ ಪುಟದ ನಡುವಿಗೆ ಬಂದು ನಿಂತವು. ಅವನ್ನೂ ಸರಿಮಾಡಿದೆ. ಪರಿವಿಡಿಯ ಪುಟಸಂಖ್ಯೆ ಮಾತ್ರ ಮರೆತೇಹೋಯಿತು. ರಟ್ಟು ಹಾಕಿ, ಚಿನ್ನದ ಅಕ್ಷರ ಒತ್ತಿ, ಐದು ಪ್ರತಿ ಆದಮೇಲೆ ವೈವಾದಲ್ಲಿ ಯಾರೋ ಪರಿವಿಡಿ ನೋಡಿ ಆರನೇ ಅಧ್ಯಾಯ ತೆಗೆದರೆ ಅಲ್ಲಿ ಆರನೆಯದು ಶುರುವಾಗಿ ಆಗಲೇ ಎಷ್ಟೋ ಪುಟ ದಾಟಿತ್ತು. ಆ ಹುಡುಗ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ನಿನ್ನ ಕೆಲಸಕ್ಕೆ ಬಾ. ಅಧ್ಯಾಯದ ಹೆಸರಿನ ಸಾಲಿನಲ್ಲಿ ಕರ್ಸರ್ ಇಟ್ಟು ಹೆಡಿಂಗ್ 1 ಕೊಡು. ಕಂಟ್ರೋಲ್, ಆಲ್ಟ್, ಒಂದು ಒತ್ತಿದರೂ ಆಯಿತು. ಅದರ ಒಳಗಿನ ಭಾಗಕ್ಕೆ ಹೆಡಿಂಗ್ 2. ನೀಲಿ ಬಣ್ಣ ಬಂತು, ಚೆನ್ನಾಗಿಲ್ಲ ಅಂತ ಕೈಹಾಕಬೇಡ. ಆ ಸ್ಟೈಲಿನ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ಮಾಡಿಫೈಗೆ ಹೋಗಿ ಅಲ್ಲಿ ಕಪ್ಪು ಮಾಡು, ಎಲ್ಲ ತಲೆಬರಹಗಳೂ ಒಂದೇ ಏಟಿಗೆ ಕಪ್ಪಾಗುತ್ತವೆ. ಹೊಸ ಅಧ್ಯಾಯ ಹೊಸ ಪುಟದಲ್ಲೇ ಶುರುವಾಗಬೇಕು ಅನ್ನುವುದನ್ನೂ ಅದೇ ಸ್ಟೈಲಿನ ಪ್ಯಾರಾಗ್ರಾಫ್ ಭಾಗದಲ್ಲಿ ಹೇಳಿಡಬಹುದು. ಆ 17 ಎಂಟರ್‌ಗಳಿಗೆ ಅಲ್ಲಿಗೆ ಮುಕ್ತಿ. ಪರಿವಿಡಿಯನ್ನು ವರ್ಡೇ ಕಟ್ಟಿಕೊಡುತ್ತದೆ, ಆದರೆ ತಾನಾಗಿ ಬದಲಾಗುವುದಿಲ್ಲ; ಪ್ರಿಂಟಿಗೆ ಮೊದಲು ಅದರ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಲೇಬೇಕು.

ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಬರುವ ಒಂದು ಕಾಟ ಇದೆ, ಇದನ್ನು ಗಮನ ಇಟ್ಟು ಓದು. ಸ್ಟೈಲಿನಲ್ಲಿ ಫಾಂಟು ಬದಲಿಸಿ 14 ಅಂತ ಕೊಟ್ಟರೂ ಕನ್ನಡ ಅಲುಗದೆ, ನಡುವಿನ ಇಂಗ್ಲಿಷ್ ಅಂಕಿಗಳಷ್ಟೇ ದೊಡ್ಡದಾಗುವುದು ನೋಡಿದ್ದೀಯಲ್ಲ? ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಬೇರೆ ಪಂಕ್ತಿಯಲ್ಲಿ ಕೂರಿಸುತ್ತದೆ. ಅದಕ್ಕೆ ಫಾಂಟು ಬೇರೆ, ಅಳತೆ ಬೇರೆ, ದಪ್ಪ ಮಾಡುವ ಗುರುತೂ ಬೇರೆ. ಫಾಂಟ್ ಪೆಟ್ಟಿಗೆಯಲ್ಲಿ ಲ್ಯಾಟಿನ್ ಅಂತ ಇರುವ ಕಡೆ ಮಾತ್ರ ಬದಲಿಸಿದರೆ ಕನ್ನಡಕ್ಕೆ ಅದು ಕೇಳಿಸುವುದೇ ಇಲ್ಲ. ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರುವ ಕಡೆಯೂ ಫಾಂಟು, ಅಳತೆ ಎರಡನ್ನೂ ಕೊಡಬೇಕು. ಲಿಬ್ರೆ ಆಫೀಸ್‌ನಲ್ಲೂ ಇದೇ ಕಥೆ. ಎಷ್ಟೋ ಜನ ಇಲ್ಲೇ ಸೋತು, ಈ ಸ್ಟೈಲ್ ಎಲ್ಲ ಇಂಗ್ಲಿಷಿಗೆ ಮಾತ್ರ ಅಂತ ಕೈಬಿಟ್ಟಿದ್ದಾರೆ.

ವಚನಗಳಿಗೆ ಬೇರೆ ಸ್ಟೈಲ್ ಮಾಡಿಕೋ. ಹೆಸರು ಕನ್ನಡದಲ್ಲೇ 'ವಚನ' ಅಂತ ಇಡು, ವರ್ಡ್ ಬೇಡ ಅನ್ನುವುದಿಲ್ಲ. ಎಡಕ್ಕೆ ಅರ್ಧ ಇಂಚು ಜಾಗ, ಅಕ್ಷರ ಒಂದು ಪಾಯಿಂಟು ಚಿಕ್ಕದು. ಒಂದು ವಚನದ ಒಳಗೆ ಸಾಲು ಮುರಿಯಲು ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಇಡೀ ವಚನ ಒಂದೇ ಪ್ಯಾರಾ ಆಗಿ ಉಳಿಯುತ್ತದೆ. ಆದರೆ ಆ ಸ್ಟೈಲು ಎರಡೂ ಅಂಚಿಗೆ ಸಮವಾಗಿ ಇರಕೂಡದು, ಎಡಕ್ಕೆ ಮಾತ್ರ ಇರಬೇಕು. ಇಲ್ಲದಿದ್ದರೆ ನಾಲ್ಕು ಪದದ ಸಾಲನ್ನು ವರ್ಡ್ ಹಪ್ಪಳದ ಹಿಟ್ಟಿನ ಹಾಗೆ ಅಂಚಿನ ತನಕ ಎಳೆದು ಹರಡುತ್ತದೆ. ನಿನ್ನ 43ನೇ ಪುಟದಲ್ಲಿ ಆಗಿರುವುದು ಅದೇ.

ಸಾದಾ ಪ್ಯಾರಾಗಳಿಗೆ ನಾರ್ಮಲ್ ಬಳಸಬೇಡ ಅನ್ನುತ್ತೇನೆ, ಬೇರೆಯವರು ಒಪ್ಪಲಿಕ್ಕಿಲ್ಲ. ಬೇರೆ ಸ್ಟೈಲುಗಳಲ್ಲಿ ಬಹುಪಾಲು ಅದರ ಮಕ್ಕಳೇ. ಅಪ್ಪನಿಗೆ ಶೀತ ಆದರೆ ಮನೆಯಲ್ಲೆಲ್ಲ ಸೀನು: ನಾರ್ಮಲ್‌ಗೆ ಮೊದಲ ಸಾಲಿನ ಜಾಗ ಕೊಟ್ಟರೆ ಕೋಷ್ಟಕದ ಅಂಕಿಗಳೂ ಒಳಗೆ ಸರಿಯುತ್ತವೆ. ಬಾಡಿ ಟೆಕ್ಸ್ಟ್ ಅಂತ ಒಂದಿದೆ, ಪ್ಯಾರಾಗಳನ್ನು ಅದಕ್ಕೆ ಒಪ್ಪಿಸು. ಮಾಡಿಫೈ ಪೆಟ್ಟಿಗೆಯ ಕೆಳಗೆ ಆಟೋಮ್ಯಾಟಿಕಲಿ ಅಪ್‌ಡೇಟ್ ಅಂತ ಒಂದು ಟಿಕ್ ಇರುತ್ತದೆ, ಅದನ್ನು ಮುಟ್ಟಬೇಡ. ಮುಟ್ಟಿದರೆ ಒಂದು ಪ್ಯಾರಾ ದಪ್ಪ ಮಾಡಿದಾಗ ಅದೇ ಸ್ಟೈಲಿನವೆಲ್ಲ ದಪ್ಪಗಾಗಿ ಕೂರುತ್ತವೆ, ನೀನು ಕಂಪ್ಯೂಟರಿಗೆ ವೈರಸ್ ಬಂತು ಅಂತ ನನಗೆ ಫೋನ್ ಮಾಡುತ್ತೀಯ.

ಇನ್ನು ಅಂಟಿಸುವ ವಿಷಯ. ಬೇರೆ ಫೈಲಿನಿಂದ ತಂದು ಹಾಗೇ ಪೇಸ್ಟ್ ಮಾಡಿದರೆ ಮಾತಿನ ಜೊತೆ ಅದರ ಸ್ಟೈಲುಗಳೂ ನೆಂಟರ ಹಾಗೆ ಬಂದು ಇಳಿಯುತ್ತವೆ. ಬರೀ ಪಠ್ಯವನ್ನಷ್ಟೇ ತರುವ ಪೇಸ್ಟ್ ಆಯ್ಕೆ ಇದೆ, ಯಾವಾಗಲೂ ಅದನ್ನೇ ಬಳಸು. ಈಗಾಗಲೇ ಬಂದು ಕೂತಿರುವುದಕ್ಕೆ ಮದ್ದು ಇದು: ಮೊದಲು ಪ್ಯಾರಾಗೆ ಸರಿಯಾದ ಸ್ಟೈಲ್ ಕೊಡು, ಆಮೇಲೆ ಅದನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್-ಸ್ಪೇಸ್, ಕಂಟ್ರೋಲ್-ಕ್ಯೂ. ಮೊದಲನೆಯದು ಅಕ್ಷರಕ್ಕೆ ಕೈಯಲ್ಲಿ ಬಳಿದ ಬಣ್ಣ ತೊಳೆಯುತ್ತದೆ, ಎರಡನೆಯದು ಪ್ಯಾರಾದ್ದನ್ನು. ಲಿಬ್ರೆ ಆಫೀಸ್ ಆದರೆ ಕಂಟ್ರೋಲ್-ಎಂ. ಪುಸ್ತಕದ ಹೆಸರುಗಳನ್ನು ನೀನು ಓರೆ ಮಾಡಿದ್ದರೆ ಅದೂ ತೊಳೆದುಹೋಗಬಹುದು, ಅದಕ್ಕೇ ಮೊದಲು ಫೈಲಿನ ಒಂದು ನಕಲು ಇಟ್ಟುಕೋ.

ಇಷ್ಟೆಲ್ಲ ಯಾಕೆ ಅಂತ ನಿನ್ನಪ್ಪ ನಗಬಹುದು. ನಿಮ್ಮ ಲೈಬ್ರರಿಗೆ ಕಣ್ಣು ಕಾಣದ ಓದುಗರೂ ಬರುತ್ತಾರೆ. ಅವರು ಬಳಸುವ ಎನ್‌ವಿಡಿಎಯಂಥ ಓದುವ ತಂತ್ರಾಂಶದಲ್ಲಿ ಒಂದು ಕೀಲಿ ಒತ್ತಿ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು, ಆ ಸಾಲು ನಿಜವಾದ ಹೆಡಿಂಗ್ ಆಗಿದ್ದರೆ. ಬರೀ ದಪ್ಪ ಮಾಡಿದ ಸಾಲಾದರೆ ಅವರ ಪಾಲಿಗೆ ಅಲ್ಲಿ ಅಧ್ಯಾಯವೇ ಇಲ್ಲ, ಮೊದಲಿಂದ ಪೂರ್ತಿ ಕೇಳುತ್ತಾ ಬರಬೇಕು.

ಎರಡನೇ ಅಧ್ಯಾಯವನ್ನು ನಾನು ತೊಳೆದು ಕಳಿಸಿದ್ದೇನೆ, ಸ್ಟೈಲುಗಳು ಅದರಲ್ಲೇ ಇವೆ. ಮೂರನೆಯದನ್ನು ಆ ಫೈಲಿನ ನಕಲಿನಲ್ಲೇ ಶುರುಮಾಡು. ಭಾನುವಾರ ಬರುವಾಗ ಪಿಡಿಎಫ್ ತರಬೇಡ, ವರ್ಡ್ ಫೈಲನ್ನೇ ಪೆನ್ ಡ್ರೈವಿನಲ್ಲಿ ತಾ. ನಿನ್ನ ಚಿಕ್ಕಮ್ಮ ಅವತ್ತು ಒತ್ತುಶಾವಿಗೆ ಮಾಡುತ್ತಾಳಂತೆ.