ಒಬಾಫೆಮಿ ಅವೊಲೊವೊ: ವಕೀಲಿಕೆಯಿಂದ ಪ್ರೀಮಿಯರ್ ಹುದ್ದೆಗೆ

1. ಜನನ: 6 ಮಾರ್ಚ್ 1909, ಇಕೆನ್ನೆ, ನೈಜೀರಿಯಾ; ಯೊರುಬಾ ಸಮುದಾಯ.
2. ವಕೀಲಿಕೆ: 1946ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್.
3. ಪಕ್ಷಗಳು: ಆಕ್ಷನ್ ಗ್ರೂಪ್ (1951), ಯೂನಿಟಿ ಪಾರ್ಟಿ ಆಫ್ ನೈಜೀರಿಯಾ (1978).
4. ಹುದ್ದೆ: ಪಶ್ಚಿಮ ಪ್ರಾಂತ್ಯದ ಮೊದಲ ಪ್ರೀಮಿಯರ್ (1954–59).
5. ಸಾಧನೆ: ಉಚಿತ ಪ್ರಾಥಮಿಕ ಶಿಕ್ಷಣ (1955), ಪ್ರಾಂತೀಯ ದೂರದರ್ಶನ ಕೇಂದ್ರ (1959).
6. ಸೆರೆವಾಸ: ರಾಜದ್ರೋಹ ಪ್ರಕರಣ, 1963ರಲ್ಲಿ 10 ವರ್ಷ ಶಿಕ್ಷೆ, 1966ರಲ್ಲಿ ಬಿಡುಗಡೆ.
7. ಅಂತರ್ಯುದ್ಧ ಕಾಲ: ಗೋವನ್ ನೇತೃತ್ವದ ಸೇನಾ ಸರ್ಕಾರದಲ್ಲಿ ಹಣಕಾಸು ಹೊಣೆ.
8. ಅಧ್ಯಕ್ಷೀಯ ಚುನಾವಣೆ: 1979, 1983, ಎರಡರಲ್ಲೂ ಶೆಹು ಶಗಾರಿ ಎದುರು ಸೋಲು.
9. ನಿಧನ: 9 ಮೇ 1987. ಇಫೆ ವಿಶ್ವವಿದ್ಯಾಲಯಕ್ಕೆ ಇವರ ಹೆಸರು. 100 ನೈರಾ ನೋಟಿನಲ್ಲಿ ಭಾವಚಿತ್ರ.

ಗೊಂದಲ ಬೇಡ:
• ಮೊದಲ ಅಧ್ಯಕ್ಷ – ಅಜಿಕಿವೆ
• ಸ್ವತಂತ್ರ ನೈಜೀರಿಯಾದ ಮೊದಲ ಪ್ರಧಾನಿ – ಬಲೇವಾ
• ಉತ್ತರ ಪ್ರಾಂತ್ಯದ ಪ್ರೀಮಿಯರ್ – ಅಹ್ಮದು ಬೆಲ್ಲೊ
• ಅವೊಲೊವೊ ಎಂದೂ ರಾಷ್ಟ್ರಾಧ್ಯಕ್ಷರಾಗಲಿಲ್ಲ.