ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಯಾಕೆ ಆಫ್ ಆಗುತ್ತೆ?

ಹೋದ ವರ್ಷ ಸಾವಯವ ದೃಢೀಕರಣಕ್ಕೆ ದಾಖಲೆ ಹೊಂದಿಸ್ತಾ ಇದ್ದೆ. ಜೀವಾಮೃತ ಕೊಟ್ಟ ದಿನ, ಬೀಜ ತಂದ ಲೆಕ್ಕ, ಕೊಯ್ಲಿನ ತೂಕ, ಎಲ್ಲಾ ಒಂದೇ ಎಕ್ಸೆಲ್ ಫೈಲಿನಲ್ಲಿ. ಸಂಜೆ ಕರೆಂಟ್ ಹೋಯ್ತು. ಇನ್ವರ್ಟರ್ ಶುರುವಾಯ್ತು, ಲೈಟು, ಫ್ಯಾನು ನಿಲ್ಲಲಿಲ್ಲ. ಕಂಪ್ಯೂಟರ್ ಮಾತ್ರ ಆಫ್! ಮತ್ತೆ ಆನ್ ಮಾಡಿದರೆ ಫೈಲ್ ತೆರೆಯಲೇ ಇಲ್ಲ. ಡೈರಿಯಲ್ಲಿ ಬರೆದಿಟ್ಟಿದ್ದರಿಂದ ಬಚಾವಾದೆ. ಆದರೆ ಮತ್ತೆ ಟೈಪ್ ಮಾಡೋಕೆ ನಾಲ್ಕು ರಾತ್ರಿ ಬೇಕಾಯ್ತು.

ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು ಅಂಗಡಿಯಲ್ಲಿ. ಹೋಗಿರಲಿಲ್ಲ. ಕಾರಣ ಬೇರೆ ಎರಡಿದ್ದವು.

ಮೊದಲನೆಯದು: ಬದಲಾಗುವ ಹೊತ್ತು

ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗೋಕೆ ಸ್ವಲ್ಪ ಸಮಯ ಬೇಕು. ಆ ಖಾಲಿ ಹೊತ್ತನ್ನು ಕಂಪ್ಯೂಟರ್‌ನ ಪವರ್ ಸಪ್ಲೈ ತಡೆದುಕೊಳ್ಳೋದು ಸುಮಾರು 16 ಮಿಲಿಸೆಕೆಂಡ್ ಅಷ್ಟೆ. ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಎರಡು ಮೋಡ್ ಇರುತ್ತೆ. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್‌ನಲ್ಲಿ ಬದಲಾಗುತ್ತೆ. ನಾರ್ಮಲ್ ಅಥವಾ ಇಕೋ ಮೋಡ್‌ನಲ್ಲಿ 40ರವರೆಗೂ ಹೋಗಬಹುದು. ಫ್ಯಾನಿಗೆ ಅದು ಗೊತ್ತೇ ಆಗಲ್ಲ, ಕಂಪ್ಯೂಟರ್ ಸತ್ತೇ ಹೋಗುತ್ತೆ.

ಇನ್ನೊಂದು ವಿಷಯ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ತೋಟಗಳ ಆಟೋ ಸ್ಟಾರ್ಟರ್‌ಗಳು ಒಟ್ಟಿಗೇ ಪಂಪ್ ಎತ್ತುತ್ತವೆ. ಮೋಟರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ. ನಾರ್ಮಲ್ ಮೋಡ್ ಆ ಕುಸಿತವನ್ನು ಹಾಗೇ ಒಳಗೆ ಬಿಡುತ್ತೆ. ಯುಪಿಎಸ್ ಮೋಡ್ ತಕ್ಷಣ ಬ್ಯಾಟರಿಗೆ ಹೋಗುತ್ತೆ. ಆದರೆ ನಿಮ್ಮೂರಲ್ಲಿ ಇಡೀ ದಿನ ಲೋ ವೋಲ್ಟೇಜ್ ಇದ್ದರೆ ಅದೇ ಮೋಡ್ ಬ್ಯಾಟರಿಯನ್ನು ಖಾಲಿ ಮಾಡಿಬಿಡುತ್ತೆ. ಹಾಗಿದ್ದರೆ ಕಂಪ್ಯೂಟರ್‌ಗೆ ಮಾತ್ರ ಒಂದು ಚಿಕ್ಕ ಯುಪಿಎಸ್ ಇಡೋದು ಒಳ್ಳೇದು.

ಎರಡನೆಯದು: ಟರ್ಮಿನಲ್

ಸ್ವಲ್ಪ ಲೆಕ್ಕ ಹಾಕೋಣ. ಕಂಪ್ಯೂಟರ್ 150 ವ್ಯಾಟ್ ಅಂದುಕೊಳ್ಳಿ. ಇನ್ವರ್ಟರ್‌ನ ನಷ್ಟ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 16 ಆಂಪ್ ಹೋಗುತ್ತೆ. ಆಗಲೇ ಫ್ರಿಜ್ ಶುರುವಾದರೆ ಒಂದು ಕ್ಷಣಕ್ಕೆ 100 ಆಂಪ್ ಮುಟ್ಟಬಹುದು. ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿ 0.02 ಓಮ್ ತಡೆ ಇದ್ದರೂ ಸಾಕು, ಆ ಕ್ಷಣ 2 ವೋಲ್ಟ್ ಅಲ್ಲೇ ಮಾಯ. ಬ್ಯಾಟರಿಯಲ್ಲಿ 12.2 ಇದ್ದರೂ ಇನ್ವರ್ಟರ್‌ಗೆ ಕಾಣೋದು 10.2. ಸಾಮಾನ್ಯವಾಗಿ 10.5ರ ಹತ್ತಿರ ಅದು ಕೈಕೊಡುತ್ತೆ. ಬ್ಯಾಟರಿ ಚೆನ್ನಾಗಿದ್ದೂ ಕೆಟ್ಟ ಹೆಸರು ಬರೋದು ಹೀಗೆ. ನನ್ನದೂ ಇದೇ ಕಥೆ.

ಪರೀಕ್ಷೆ ಸುಲಭ. ಲೋಡ್ ಓಡುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ಕೇಬಲ್ ತುದಿಗೆ ಇಡಿ. ರೀಡಿಂಗ್ ಸೊನ್ನೆಯ ಹತ್ತಿರ ಇರಬೇಕು. 0.2, 0.3 ಬಂದರೆ ರೋಗ ಅಲ್ಲೇ ಇದೆ.

ಈ ವಾರ ಇಷ್ಟು ಮಾಡಿ

1. ಇನ್ವರ್ಟರ್ ಹಿಂದಿನ ಸ್ವಿಚ್ ನೋಡಿ, ಯುಪಿಎಸ್ ಮೋಡ್‌ಗೆ ಹಾಕಿ.
2. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ಮೈನಸ್ ಕೇಬಲ್ ಬಿಚ್ಚಿ. ಕೈಯಲ್ಲಿ ಉಂಗುರ, ಕಡಗ ಬೇಡ. ಹತ್ತಿರ ಬೀಡಿ, ಬೆಂಕಿ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ.
3. ಅಡುಗೆ ಸೋಡದ ನೀರಿನಲ್ಲಿ ಟರ್ಮಿನಲ್ ಉಜ್ಜಿ. ಆ ನೀರು ಬ್ಯಾಟರಿ ಒಳಗೆ ಇಳಿಯಬಾರದು. ಒಣಗಿಸಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಹಚ್ಚಿ. ಮೈನಸ್ ಕೊನೆಗೆ.
4. ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರು ಹಾಕಿದರೆ ಬ್ಯಾಟರಿ ಆಯಸ್ಸು ಮುಗೀತು.
5. ಫ್ರಿಜ್, ಮಿಕ್ಸಿಯನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ.

ಇಷ್ಟೆಲ್ಲಾ ಮಾಡಿದ ಮೇಲೂ ಫೈಲನ್ನು ದಿನಾ ಮೊಬೈಲಿಗೆ ಒಂದು ಕಾಪಿ ಹಾಕಿಟ್ಟುಕೊಳ್ಳಿ. ಬೀಜ ಎಲ್ಲಾ ಒಂದೇ ಡಬ್ಬದಲ್ಲಿ ಇಡ್ತೀವಾ? ಲೆಕ್ಕನೂ ಹಾಗೇ.