ರೀಲ್ಸ್ ಮಾಡುವ ಮಗಳು, ಮೆಸೇಜ್ ಕಳಿಸುವ ಅಪರಿಚಿತ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಡ್ಯಾನ್ಸ್ ಅಂದರೆ ಪ್ರಾಣ. ನಮಗೆ ಗೊತ್ತಿಲ್ಲದ ಹಾಗೆ ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಹಾಕುತ್ತಿದ್ದಾಳೆ ಅಂತ ಮೊನ್ನೆ ನನ್ನ ತಂಗಿ ಹೇಳಿದಳು. ಕೇಳಿದಾಗ ಅಳುತ್ತಲೇ ಫೋನು ತೋರಿಸಿದಳು. ಯಾರೋ ಒಬ್ಬ "ಆಲ್ಬಂ ಸಾಂಗ್‌ನಲ್ಲಿ ಚಾನ್ಸ್ ಕೊಡಿಸ್ತೀನಿ, ಇನ್ನೂ ಫೋಟೊ ಕಳಿಸು" ಅಂತ ಮೆಸೇಜ್ ಮಾಡುತ್ತಿದ್ದಾನೆ. ಕಳಿಸಿಲ್ಲ ಅನ್ನುತ್ತಾಳೆ. ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಫೋನು ಒಡೆದು ಹಾಕುತ್ತಾರೆ, ಡ್ಯಾನ್ಸ್ ಕ್ಲಾಸೂ ಬಿಡಿಸುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಅಳುತ್ತಲಾದರೂ ಮಗಳು ಫೋನು ನಿಮ್ಮ ಕೈಗೆ ಕೊಟ್ಟಳಲ್ಲ, ನಿಮಗೆ ಸಿಕ್ಕಿರುವ ದೊಡ್ಡ ಬಲ ಅದು. ಇಂಥವರ ವರಸೆ ನೋಡಿ. ಮೊದಲು ಹೊಗಳಿಕೆ, ಆಮೇಲೆ ಚಾನ್ಸಿನ ಆಸೆ, ಆಮೇಲೆ ವಾಟ್ಸ್‌ಆ್ಯಪ್‌ಗೆ ಬಾ ಎಂಬ ಒತ್ತಾಯ, ಕೊನೆಗೆ ಫೋಟೊ. ಅಂಥ ಫೋಟೊ ಒಂದು ಸಿಕ್ಕಿತೋ, ಮಾತಿನ ಧಾಟಿಯೇ ಬದಲು: "ನಿಮ್ಮಪ್ಪನಿಗೆ ಕಳಿಸ್ತೀನಿ." ಮಗು ಅಪ್ಪನಿಗೆ ಎಷ್ಟು ಹೆದರುತ್ತದೋ ಆ ಬೆದರಿಕೆಗೆ ಅಷ್ಟು ಬೆಲೆ. ಹಾಗಾಗಿ ಇವತ್ತೇ ಅವಳನ್ನು ಕೂರಿಸಿಕೊಂಡು ಹೇಳಿ: "ಏನೇ ಆಗಿರಲಿ, ನನ್ನ ಹತ್ತಿರ ಹೇಳು. ಹೇಳಿದ್ದಕ್ಕೆ ಫೋನು ಕಿತ್ತುಕೊಳ್ಳೋದಿಲ್ಲ." ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಬೇಕು, ಅದು ಕಷ್ಟದ ಕೆಲಸ.

ಅವನಿಗೆ ನೀವು ಬೈದು ಉತ್ತರ ಬರೆಯಬೇಡಿ. ಚಾಟ್ ಅಳಿಸಲೂ ಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಅವನ ಖಾತೆಯ ಹೆಸರು ಬರೆದಿಟ್ಟುಕೊಳ್ಳಿ, ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಅವನು ಬೆದರಿಸಿದರೆ, ಅಥವಾ ಫೋಟೊ ಹೋಗಿದೆ ಎಂದು ನಾಳೆ ಗೊತ್ತಾದರೆ, ದುಡ್ಡು ಮಾತ್ರ ಕೊಡಬೇಡಿ. ಕೊಟ್ಟವರನ್ನು ಇವರು ಬಿಡುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. 18 ತುಂಬದವರ ಮೇಲಿನ ಇಂಥ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆಯಿದೆ. ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವಂತಿಲ್ಲ ಎಂದೂ ಅದರಲ್ಲಿದೆ. ಅಪ್ರಾಪ್ತರ ನಗ್ನ ಚಿತ್ರಗಳು ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಫೋಟೊ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತಷ್ಟೇ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಅದನ್ನಿಟ್ಟುಕೊಂಡು ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಈಗ ಖಾತೆಯ ವಿಚಾರ. ಅವಳು ಹುಟ್ಟಿದ ವರ್ಷ ಏನೆಂದು ಹಾಕಿದ್ದಾಳೆ, ಅದನ್ನು ಮೊದಲು ನೋಡಿ. ಊರವರೆಲ್ಲ ರೀಲ್ಸ್ ನೋಡುತ್ತಿದ್ದಾರೆ, ಕಂಡವರ ಮೆಸೇಜು ಬರುತ್ತಿದೆ ಎಂದರೆ ವಯಸ್ಸು ಹೆಚ್ಚಿಗೆ ತೋರಿಸಿದ್ದಾಳೆಂದೇ ನನ್ನ ಗುಮಾನಿ. ಮಕ್ಕಳು ಬಹಳ ಮಂದಿ ಹೀಗೆ ಮಾಡುತ್ತಾರೆ. 2025ರಿಂದ ಭಾರತದಲ್ಲೂ ಇನ್‌ಸ್ಟಾಗ್ರಾಮ್ ಹದಿಹರೆಯದವರಿಗೆ 'ಟೀನ್ ಅಕೌಂಟ್' ಕೊಡುತ್ತಿದೆ. ಅದು ಮೊದಲೇ ಪ್ರೈವೇಟ್ ಆಗಿರುತ್ತದೆ, ಪರಿಚಯವಿಲ್ಲದವರು ಮೆಸೇಜ್ ಮಾಡಲಾಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದಿಲ್ಲ. 16 ತುಂಬದವರು ಇದನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಸುಳ್ಳು ವರ್ಷ ಹಾಕಿದ ಮಗುವಿಗೆ ಈ ರಕ್ಷಣೆಯೇ ಸಿಗದೆ ಹೋಗಬಹುದು. ವರ್ಷ ತಿದ್ದಿಸಿ. ಒಂದು ಎಚ್ಚರ: ಖಾತೆ ಪ್ರೈವೇಟ್ ಮಾಡಿದರೂ ಈಗಾಗಲೇ ಫಾಲೋ ಮಾಡುತ್ತಿರುವವರು ಅಲ್ಲೇ ಉಳಿದಿರುತ್ತಾರೆ. ಇಬ್ಬರೂ ಕೂತು ಆ ಪಟ್ಟಿ ನೋಡಿ, ಗುರುತಿಲ್ಲದವರನ್ನು ಒಬ್ಬೊಬ್ಬರನ್ನಾಗಿ ತೆಗೆಯಿರಿ.

ಹಳೆಯ ವಿಡಿಯೊಗಳನ್ನೂ ಅವಳಿಂದಲೇ ನೋಡಿಸಿ. ಶಾಲೆಯ ಯೂನಿಫಾರ್ಮ್, ಬ್ಯಾಡ್ಜು, ಸ್ಕೂಟರಿನ ನಂಬರು, ಬೀದಿಯ ಬೋರ್ಡು ಎಲ್ಲಿ ಕಾಣುತ್ತದೆ ಎಂದು ಅವಳೇ ಹುಡುಕಲಿ. ನೀವು ಪಟ್ಟಿ ಓದಿದರೆ ಉಪದೇಶ. ಅವಳೇ ಹುಡುಕಿದರೆ ಮುಂದಿನ ವಿಡಿಯೊ ತೆಗೆಯುವಾಗ ನೆನಪಿರುತ್ತದೆ. ರಾತ್ರಿ ಫೋನು ಹಾಲ್‌ನಲ್ಲಿ ಚಾರ್ಜಿಗಿರಲಿ, ನಿಮ್ಮದೂ ಸೇರಿ.

ಫೋನು ಒಡೆದರೆ? 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಬಿಟ್ಟರು. ಮರುತಿಂಗಳೇ ಇಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಮನೆಯ ಫೋನು ಹೋದರೆ ಗೆಳತಿಯ ಫೋನಿನಲ್ಲಿ ಹೊಸ ಖಾತೆ ತೆರೆಯುತ್ತಾಳೆ. ಅದು ನಿಮ್ಮ ತಂಗಿಯ ಕಣ್ಣಿಗೂ ಬೀಳುವುದಿಲ್ಲ.

ಹಾಗೆಂದು ನಿಮ್ಮ ಮನೆಯವರಿಂದ ಮುಚ್ಚಿಡಬೇಡಿ. ಬೇರೆಯವರ ಬಾಯಿಂದ ಕೇಳಿದರೆ ಸಿಟ್ಟು ಇಮ್ಮಡಿಯಾಗುತ್ತದೆ, ಅದು ನಿಮ್ಮ ಮೇಲೂ ತಿರುಗುತ್ತದೆ. ಬ್ಲಾಕ್ ಮಾಡಿ, ರಿಪೋರ್ಟ್ ಮುಗಿಸಿದ ಮೇಲೆ, ಮಗಳು ಎದುರಿಗಿಲ್ಲದಾಗ ಹೇಳಿ. "ಅವಳೇ ತೋರಿಸಿದಳು, ಫೋಟೊ ಕಳಿಸಿಲ್ಲ ಅಂತಾಳೆ, ಇಷ್ಟು ಮಾಡಿದ್ದೇವೆ" ಎಂಬಷ್ಟರಿಂದ ಶುರುಮಾಡಿ. ಡ್ಯಾನ್ಸ್ ಕ್ಲಾಸು ಏನೂ ತಪ್ಪು ಮಾಡಿಲ್ಲ. ನನ್ನನ್ನು ಕೇಳಿದರೆ ಅದನ್ನು ಇನ್ನಷ್ಟು ಬೆಳೆಸಿ: ಶಾಲೆಯ ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿ. ಚಪ್ಪಾಳೆ ಬೇಕೆನ್ನುವ ವಯಸ್ಸು ಅದು. ಗುರುತಿರುವವರಿಂದ ಸಿಕ್ಕರೆ ಫೋನಿನ ಲೈಕಿಗೆ ಅಷ್ಟು ಹಸಿವಿರುವುದಿಲ್ಲ. ಅವಳು ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ಕೋಪ ಇಳಿಯದಿದ್ದರೆ ಅದೇ ನಂಬರಿಗೆ ಅವರಿಂದಲೂ ಮಾತಾಡಿಸಿ.